ಲೇಟೆಕ್‌ನಲ್ಲಿ 14 ಪಾಯಿಂಟ್ ಅಂತ ಕೊಟ್ಟರೂ ಅಕ್ಷರ ಯಾಕೆ ದೊಡ್ಡದಾಗುವುದಿಲ್ಲ?

ಯಾಕಂದ್ರೆ ಪುಟ ಜೋಡಿಸುವ ತಂತ್ರಾಂಶವಾದ ಲೇಟೆಕ್‌ನ ಆರ್ಟಿಕಲ್ ಕ್ಲಾಸಿಗೆ (ಕ್ಲಾಸ್ ಅಂದರೆ ಬರಹದ ವಿನ್ಯಾಸ ನಿರ್ಧರಿಸುವ ಅಚ್ಚು) ಗೊತ್ತಿರುವುದು 10, 11 ಮತ್ತು 12 ಪಾಯಿಂಟ್ ಮಾತ್ರ. ಮೊದಲ ಸಾಲಿನ ಡಾಕ್ಯುಮೆಂಟ್‌ಕ್ಲಾಸ್‌ನಲ್ಲಿ ನೀವು 14 ಅಂತ ಬರೆದರೆ ಅದು ಎರರ್ ಕೊಟ್ಟು ನಿಲ್ಲುವುದಿಲ್ಲ, ಸುಮ್ನೆ ಡಿಫಾಲ್ಟ್ ಆಗಿರುವ 10ನ್ನೇ ಹಿಡಿಯುತ್ತದೆ. ಈ ಆಯ್ಕೆ ಬಳಕೆಯಾಗಲಿಲ್ಲ ಅಂತ ಒಂದು ಎಚ್ಚರಿಕೆ, ಲೇಟೆಕ್ ಏನೇನು ಮಾಡಿತು ಅಂತ ದಾಖಲಾಗುವ ಲಾಗ್ ಫೈಲಿನಲ್ಲಿ ಬಿದ್ದಿರುತ್ತದೆ. ಅದನ್ನು ಯಾರು ಓದುತ್ತಾರೆ, ಅಲ್ವಾ?

ಇಲ್ಲಿ ಗಾತ್ರ ಅಂದರೆ ಬರೀ ಒಂದು ಸಂಖ್ಯೆ ಅಲ್ಲ. ಪ್ರತಿ ಗಾತ್ರಕ್ಕೂ ಬೇರೆಯದೇ ಒಂದು ಪುಟ್ಟ ಫೈಲ್ ಇದೆ. ಮಾಮೂಲಿ ಅಕ್ಷರ ಎಷ್ಟು, ಅಡಿಟಿಪ್ಪಣಿ ಎಷ್ಟು, ಸಾಲುಗಳ ನಡುವೆ ಜಾಗ ಎಷ್ಟು, ಎಲ್ಲ ಅದರಲ್ಲೇ ಬರೆದಿಟ್ಟಿದೆ. 10ರ ಫೈಲ್ ತೆರೆದು ನೋಡಿ: ಮಾಮೂಲಿ ಅಕ್ಷರ 10 ಪಾಯಿಂಟ್, ಸಾಲಿನಿಂದ ಸಾಲಿಗೆ 12, ಅಡಿಟಿಪ್ಪಣಿ 8. ಆರ್ಟಿಕಲ್ ಜೊತೆ 14ಕ್ಕೆ ಅಂಥ ಫೈಲೇ ಬರುವುದಿಲ್ಲ.

ಸುಲಭದ ದಾರಿ, ಕ್ಲಾಸಿನ ಹೆಸರನ್ನು ಎಕ್ಸ್‌ಟ್‌ಆರ್ಟಿಕಲ್ ಅಂತ ಬದಲಿಸುವುದು. ಎಕ್ಸ್‌ಟ್‌ಸೈಜಸ್ ಎಂಬ ಪ್ಯಾಕೇಜಿನ ಈ ಕ್ಲಾಸ್ 8, 9, 14, 17 ಮತ್ತು 20 ಪಾಯಿಂಟನ್ನೂ ಒಪ್ಪುತ್ತದೆ. ಈ ಗಾತ್ರಗಳ ನಡುವಿನ ಯಾವುದೋ ಗಾತ್ರ ಬೇಕಿದ್ದರೆ ಕೋಮಾ-ಸ್ಕ್ರಿಪ್ಟ್ ಎಂಬ ಇನ್ನೊಂದು ಪ್ಯಾಕೇಜಿನ ಕ್ಲಾಸುಗಳು ಆಗುತ್ತವೆ.

ಕೆಲವರು ಬರಹದ ಶುರುವಿನಲ್ಲೇ ಫಾಂಟ್‌ಸೈಜ್ ಆದೇಶ ಹಾಕಿಬಿಡುತ್ತಾರೆ. ನಾನಂತೂ ಬೇಡ ಅಂತೀನಿ. ಮೈಬರಹ ಮಾತ್ರ 14 ಆಗುತ್ತದೆ, ಅಡಿಟಿಪ್ಪಣಿ ಅದೇ 8ರಲ್ಲಿ ಇರುವೆ ಸಾಲಿನ ಹಾಗೆ ಉಳಿದುಬಿಡುತ್ತದೆ.