ಅಮ್ಮ ತೀರಿಕೊಂಡು ಎರಡು ತಿಂಗಳು. ಅವರ ಮನೆತನದ ಮೂಲ ಹುಡುಕಲು ಕೂತರೆ ಅಳು ಬರುತ್ತದೆ. ಈಗಲೇ ಹುಡುಕಲೇ, ಕಾಯಲೇ?

ಕಾಯುವಂಥದ್ದನ್ನು ಬಿಡಿ, ಕಾಯದಿರುವುದನ್ನು ಈ ವಾರವೇ ಹಿಡಿದಿಟ್ಟುಕೊಳ್ಳಿ. ಕಚೇರಿಯ ದಾಖಲೆಗಳನ್ನು ಮುಂದಿನ ವರ್ಷ ಹುಡುಕಿದರೂ ನಡೆಯುತ್ತದೆ. ಅಮ್ಮನ ದನಿ, ಅವರ ವಾರಿಗೆಯವರ ನೆನಪು ಹಾಗಲ್ಲ.

ಮೊದಲು ಅವರ ಫೋನು. ರೀಸೆಟ್ ಮಾಡಬೇಡಿ, ಯಾರಿಗೂ ಕೊಡಬೇಡಿ. ವಾಟ್ಸ್‌ಆ್ಯಪ್‌ನ ವಾಯ್ಸ್ ಮೆಸೇಜುಗಳನ್ನು ಬೇರೆ ಎರಡು ಕಡೆ ಕಾಪಿ ಮಾಡಿಡಿ. ಈಗಲೇ ಕೇಳಬೇಕೆಂದಿಲ್ಲ. ಕೈ ಬಾರದಿದ್ದರೆ ಸ್ನೇಹಿತರಿಂದ ಮಾಡಿಸಿ.

ಆಮೇಲೆ ಹಿರಿಯರು. "ನಮ್ಮ ಮನೆತನದ ಬಗ್ಗೆ ಹೇಳಿ" ಅಂದರೆ ಎರಡು ಮಾತಿಗೆ ಮುಗಿದುಹೋಗುತ್ತದೆ. ಹಳೆಯ ಫೋಟೊ ಕೈಗೆ ಕೊಟ್ಟು, "ಅಮ್ಮನ ಎಡಗಡೆ ನಿಂತವರು ಯಾರು? ಇದು ಯಾರ ಮನೆ ಬಾಗಿಲು?" ಎಂದು ಕೇಳಿ. ಬೆರಳು ಮುಖದಿಂದ ಮುಖಕ್ಕೆ ಹೋದ ಹಾಗೆ ಮಾತು ತಾನಾಗಿ ಬರುತ್ತದೆ. ರೆಕಾರ್ಡಿಂಗ್ ಶುರುವಿನಲ್ಲೇ ಹೆಸರು, ದಿನಾಂಕ ಹೇಳಿ. 40 ನಿಮಿಷಕ್ಕೆ ನಿಲ್ಲಿಸಿ; ಅವರೂ ತಂಗಿಯನ್ನೋ ಗೆಳತಿಯನ್ನೋ ಕಳೆದುಕೊಂಡವರು. ಇಬ್ಬರು ಎರಡು ಥರ ಹೇಳಿದರೆ ತಿದ್ದದೆ, ಯಾರ ಮಾತು ಯಾವುದು ಎಂದು ಬರೆದು ಎರಡನ್ನೂ ಇಡಿ. ಗುಟ್ಟೇನಾದರೂ ಹೊರಬಂದರೆ ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ.

ಫೋಟೊದ ಹಿಂದೆ ಬಾಲ್‌ಪೆನ್ ಬೇಡ. ಒತ್ತಿ ಬರೆದ ಗೀರು ಮುಂಬದಿಯಲ್ಲಿ ಉಬ್ಬುತ್ತದೆ, ಶಾಯಿ ಪಕ್ಕದ ಫೋಟೊಗೆ ಅಂಟುತ್ತದೆ. ಮೆತ್ತನೆಯ ಪೆನ್ಸಿಲಿನಲ್ಲಿ ಅಂಚಿಗೆ ಹೆಸರು ಬರೆಯಿರಿ. ಹಿಂಬದಿ ನುಣುಪಾಗಿದ್ದು ಪೆನ್ಸಿಲ್ ಹತ್ತದಿದ್ದರೆ ಕಾಗದದ ಕವರಿನ ಮೇಲೆ ಮೊದಲು ಬರೆದು, ಆಮೇಲೆ ಫೋಟೊ ಒಳಗಿಡಿ. ಅಂಟಿನ ಆಲ್ಬಮ್ಮಿನಿಂದ ಕೀಳಲು ಹೋದರೆ ಹರಿಯುತ್ತದೆ; ಹಾಳೆ ಸಮೇತ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ.

ಅಳು ಬಂದಾಗ ಪೆಟ್ಟಿಗೆ ಮುಚ್ಚಿ ಎದ್ದುಬಿಡಿ, ನಾಳೆ ತೆಗೆದರಾಯಿತು. ದುಃಖದೊಳಗೆ ಇಳಿಯುವುದು, ಮೇಲೆ ಬಂದು ದಿನದ ಕೆಲಸ ಹಿಡಿಯುವುದು, ಈ ಓಡಾಟವೇ ಸಹಜ ಎಂದು ಸಾವಿನ ದುಃಖದ ಬಗ್ಗೆ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ 1999ರಲ್ಲೇ ವಿವರಿಸಿದ್ದಾರೆ. ಹಗಲು ಹೊತ್ತು ಕೂರಿ, ಮಲಗುವ ಮುಂಚೆ ಬೇಡ. 6 ತಿಂಗಳು ದಾಟಿದರೂ ಊಟ, ನಿದ್ದೆ, ಕೆಲಸ ಹಳಿಗೆ ಬರದಿದ್ದರೆ ಆಪ್ತಸಮಾಲೋಚಕರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ತಡೆಯಬೇಡಿ.

ನನಗೆ ಹೆಚ್ಚು ಕಳವಳ ಇನ್ನೊಂದರದು. ನಾಲ್ಕು ತಲೆಮಾರು ಹಿಂದಕ್ಕೆ ಹೋಗಿ, ಅಮ್ಮನ ಹಾಳೆಯನ್ನೇ ಖಾಲಿ ಬಿಡುವವರು ಬಹಳ. ಅಜ್ಜನ ಅಜ್ಜನ ಬಗ್ಗೆ ಬರೆಯುವಾಗ ಕಣ್ಣು ತುಂಬುವುದಿಲ್ಲವಲ್ಲ. ಮೊದಲ ಹಾಳೆ ಅಮ್ಮನದೇ ಇರಲಿ. ಯಾರನ್ನು ಏನೆಂದು ಕರೆಯುತ್ತಿದ್ದರು, ಸಿಟ್ಟು ಬಂದಾಗ ಯಾವ ಮಾತು ಆಡುತ್ತಿದ್ದರು, ಎಲ್ಲ ಬರೆಯಿರಿ. ಕೇಳದೇ ಉಳಿದ ಪ್ರಶ್ನೆಗಳನ್ನೂ ಅಲ್ಲೇ ಕೆಳಗೆ ಬರೆದು, ಅವರ ಹಳೆಯ ಗೆಳತಿಯ ಮುಂದಿಡಿ. ಒಂದೆರಡಕ್ಕಾದರೂ ಅವರಿಗೆ ಉತ್ತರ ಗೊತ್ತಿರುತ್ತದೆ.