ಕ್ರೂಸ್ ಇಳಿದ ಮೇಲೆ ವಿಮಾನದವರೆಗೆ ಮುಂಬೈಯಲ್ಲಿ ಒಂದು ಹಗಲು ಸಿಕ್ಕರೆ ಏನು ಮಾಡಬಹುದು?

ನಿಮ್ಮ ಪ್ರಶ್ನೆ ಇಷ್ಟು: ಗೋವಾ ಕ್ರೂಸ್ ಮುಗಿಸಿ ಬೆಳಗ್ಗೆ ಮುಂಬೈಯಲ್ಲಿ ಇಳಿಯುತ್ತೀರಿ, ಬೆಂಗಳೂರಿನ ವಿಮಾನ ರಾತ್ರಿ 9ಕ್ಕೆ. ಜೊತೆಗೆ ಮಂಡಿನೋವಿರುವ ಅಮ್ಮ, 8 ವರ್ಷದ ಮಗಳು, ನಾಲ್ಕು ದೊಡ್ಡ ಬ್ಯಾಗು. ಸೀದಾ ಏರ್‌ಪೋರ್ಟ್‌ಗೆ ಹೋಗಿ ಕೂತುಬಿಡೋದಾ, ಇಲ್ಲ ಊರು ನೋಡೋದಾ?

ಊರು ನೋಡಿ. ಖಂಡಿತ ನೋಡಿ. ನಾನು ಇಲ್ಲೇ ಇರುವವನು. ಊರಿಂದ ಬಂದ ನೆಂಟರು ಹೀಗೆ ಹಡಗಿಂದ ಇಳಿದಾಗ ಕರೆದುಕೊಂಡು ಸುತ್ತುವುದು ನನಗೆ ಇಷ್ಟದ ಕೆಲಸ. ಅದರಿಂದ ತಿಳಿದದ್ದನ್ನೇ ಹೇಳುತ್ತೇನೆ.

ಮೊದಲು ಟಿಕೆಟ್ ತೆಗೆದು ನೋಡಿ. BOM ಅನ್ನುವ ಮೂರಕ್ಷರದ ಕೋಡ್ ಇದ್ದರೆ, ಅಂದರೆ ಬಿಓಎಂ ಇದ್ದರೆ, ಅದು ಅಂಧೇರಿ ಕಡೆಯ ಹಳೇ ವಿಮಾನ ನಿಲ್ದಾಣ. ಎನ್‌ಎಂಐ ಅಂತ ಇದ್ದರೆ ಅದು ನವಿ ಮುಂಬೈಯ ಹೊಸ ನಿಲ್ದಾಣ. 2025ರ ಡಿಸೆಂಬರ್‌ನಿಂದ ಅಲ್ಲಿಂದಲೂ ವಿಮಾನಗಳು ಹಾರುತ್ತಿವೆ. ಎರಡೂ ಬೇರೆ ಬೇರೆ ದಿಕ್ಕು. ಟಿಕೆಟ್ ಮಾಡುವಾಗ 'ಮುಂಬೈ' ಅಂತ ನೋಡಿ ಮುಂದೆ ಹೋಗಿರುತ್ತೇವೆ, ಅದಕ್ಕೇ ಹೇಳಿದೆ. ಹಳೇ ನಿಲ್ದಾಣವಾದರೆ ಟರ್ಮಿನಲ್ 1 ಅಥವಾ 2 ಅನ್ನುವುದನ್ನೂ ನೋಡಿಕೊಳ್ಳಿ.

ಈಗ ಮುಖ್ಯ ಮಾತು. ಮುಂಬೈ ಅಗಲ ಕಡಿಮೆ, ಉದ್ದ ಜಾಸ್ತಿ ಇರುವ ಊರು. ನಿಮ್ಮ ಹಡಗು ನಿಲ್ಲುವ ಬಲ್ಲಾರ್ಡ್ ಪಿಯರ್ ದಕ್ಷಿಣದ ತುದಿಯಲ್ಲಿದೆ. ವಿಮಾನ ನಿಲ್ದಾಣ ಉತ್ತರಕ್ಕೆ, ಹೆಚ್ಚುಕಡಿಮೆ 25 ಕಿಲೋಮೀಟರ್ ದೂರ. ಹಾಗಾಗಿ ಇಡೀ ದಿನ ಒಂದೇ ದಿಕ್ಕಿಗೆ ಸಾಗಿ. ಬೆಳಗ್ಗೆ ಬಂದರಿನ ಹತ್ತಿರ, ಮಧ್ಯಾಹ್ನ ಊರಿನ ನಡುವೆ, ಸಂಜೆ ಏರ್‌ಪೋರ್ಟ್. ಒಮ್ಮೆ ಬಿಟ್ಟುಬಂದ ಜಾಗಕ್ಕೆ ವಾಪಸ್ ಹೋಗುವ ಪ್ಲ್ಯಾನ್ ಯಾವುದೂ ಬೇಡ. ಈ ಊರಿನಲ್ಲಿ ಟೈಮ್ ಹಾಳಾಗುವುದು ನೋಡುವುದರಲ್ಲಲ್ಲ, ಹೋಗಿ ಬರುವುದರಲ್ಲಿ.

ಇದೇ ಕಾರಣಕ್ಕೆ ನಿಮ್ಮ ಲಗೇಜನ್ನು ಸಿಎಸ್‌ಎಂಟಿ (ಹಳೇ ವಿಟಿ) ರೈಲ್ವೆ ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಇಡಿ ಅಂತ ನಾನು ಹೇಳುವುದಿಲ್ಲ. ಬಂದರಿಗೆ ಅದು ಹತ್ತಿರವೇನೋ ಹೌದು. ಆದರೆ ಅಲ್ಲಿ ರೈಲಿನ ಟಿಕೆಟ್ ಕೇಳುತ್ತಾರೆ, ಬೀಗ ಹಾಕದ ಬ್ಯಾಗ್ ತೆಗೆದುಕೊಳ್ಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬ್ಯಾಗಿಗೋಸ್ಕರ ನೀವು ಸಂಜೆ ಮತ್ತೆ ದಕ್ಷಿಣದ ತುದಿಗೆ ಬರಬೇಕು. ಆಫೀಸು ಬಿಡುವ ಹೊತ್ತಿಗೆ ಅಮ್ಮನನ್ನು ಕರೆದುಕೊಂಡು ಅಲ್ಲಿ ನಿಲ್ಲುವುದು ಬೇಡ.

ಇಡೀ ದಿನಕ್ಕೆ ಒಂದು ಕಾರು ಮಾಡಿಕೊಳ್ಳಿ. 8 ಗಂಟೆ, 80 ಕಿಲೋಮೀಟರ್ ಅನ್ನುವ ಪ್ಯಾಕೇಜ್ ಇಲ್ಲಿ ಎಲ್ಲ ಟ್ರಾವೆಲ್ಸಿನವರ ಹತ್ತಿರ ಸಿಗುತ್ತದೆ, ಸಂಜೆ ಏರ್‌ಪೋರ್ಟ್ ಹತ್ತಿರ ತಲುಪುವವರೆಗೆ ಅಷ್ಟು ಸಾಕು. ಬುಕ್ ಮಾಡುವಾಗ ಒಂದೇ ಒಂದು ಪ್ರಶ್ನೆ ಮರೀಬೇಡಿ: ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದೆಯಾ? ಇಲ್ಲಿ ಬಾಡಿಗೆ ಕಾರುಗಳು ಬಹುಪಾಲು ಸಿಎನ್‌ಜಿ. ಸಿಲಿಂಡರ್ ಅರ್ಧ ಡಿಕ್ಕಿ ತಿಂದುಬಿಟ್ಟಿರುತ್ತದೆ, ಎರಡು ಬ್ಯಾಗು ತುರುಕುವಷ್ಟರಲ್ಲಿ ಮುಗೀತು. ನಾಲ್ಕು ಬ್ಯಾಗಿಗೆ ದೊಡ್ಡ ಗಾಡಿಯೇ ಬೇಕು, ಇಲ್ಲವೇ ಮೇಲೆ ಕ್ಯಾರಿಯರ್ ಇರಬೇಕು. ಆಟೋ ಸಿಗುತ್ತದೆ ಅಂದುಕೊಳ್ಳಬೇಡಿ. ದಕ್ಷಿಣ ಮುಂಬೈಯಲ್ಲಿ ಆಟೋ ಓಡುವುದಿಲ್ಲ, ಊರಿನ ನಡುವಿನ ಮಾಟುಂಗದಲ್ಲೂ ಇಲ್ಲ.

ಹಡಗಿನಿಂದ ಎಲ್ಲರೂ ಒಟ್ಟಿಗೆ ಇಳಿಯುವುದಿಲ್ಲ, ಸರದಿ ಪ್ರಕಾರ ಬಿಡುತ್ತಾರೆ. ಹೊರಗೆ ಬಂದು ಕಾರು ಹತ್ತುವಷ್ಟರಲ್ಲಿ 9, 9:30 ಆಗಬಹುದು. ಹೊರಗೆ ಬಂದ ಕೂಡಲೇ ಸಿಗುವುದು ಬಲ್ಲಾರ್ಡ್ ಎಸ್ಟೇಟ್. ಡ್ರೈವರಿಗೆ ನಿಧಾನ ಹೋಗಲು ಹೇಳಿ. ಪಕ್ಕದ ಅಲೆಕ್ಸಾಂಡ್ರಾ ಡಾಕ್ ಅಗೆದಾಗ ಬಂದ ಮಣ್ಣಿನಿಂದ ಸಮುದ್ರ ತುಂಬಿಸಿ ಮಾಡಿದ ಜಾಗ ಇದು. ಕಟ್ಟಡಗಳೆಲ್ಲ ಒಂದೇ ಎತ್ತರ, ಒಂದೇ ಅಂದ. ಯೋಜನೆ ಮಾಡಿದ್ದು ಜಾರ್ಜ್ ವಿಟೆಟ್ ಅನ್ನುವ ಬ್ರಿಟಿಷ್ ವಾಸ್ತುಶಿಲ್ಪಿ. ಈ ಹೆಸರು ಮಗಳಿಗೆ ಹೇಳಿಡಿ, ಇನ್ನು ಒಂದು ಗಂಟೆಯಲ್ಲಿ ಎರಡು ಸಲ ಕೇಳಿಬರುತ್ತದೆ. ಹಿಂದೆ ವಿಲಾಯಿತಿಯಿಂದ ಹಡಗಿನಲ್ಲಿ ಬಂದವರಿಗೆ ಬಲ್ಲಾರ್ಡ್ ಪಿಯರ್‌ನಲ್ಲೇ ರೈಲು ಸಿಗುತ್ತಿತ್ತು. 1928ರಲ್ಲಿ ಶುರುವಾದ ಫ್ರಾಂಟಿಯರ್ ಮೇಲ್ ಇಲ್ಲಿಂದಲೇ ಪೇಶಾವರದವರೆಗೆ ಹೋಗುತ್ತಿತ್ತು.

ಅಲ್ಲಿಂದ ಗೇಟ್‌ವೇ ಆಫ್ ಇಂಡಿಯಾಗೆ ಕಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಬೆಳಗಿನ ಹೊತ್ತು ಜನ ಕಡಿಮೆ, ಬಿಸಿಲೂ ಏರಿರುವುದಿಲ್ಲ. 1924ರಲ್ಲಿ ಮುಗಿದ ಇದೂ ವಿಟೆಟ್ ಕೆಲಸವೇ. ಬ್ರಿಟಿಷ್ ರಾಜ ಐದನೇ ಜಾರ್ಜ್‌ನ ಸ್ವಾಗತದ ನೆನಪಿಗೆ ಕಟ್ಟಿದ ಬಾಗಿಲು. 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಪಡೆ ಇದರೊಳಗಿಂದಲೇ ನಡೆದು ಹೋಗಿ ಹಡಗು ಹತ್ತಿತು. ಅರ್ಧ ಗಂಟೆ ಸಾಕು. ಅಲ್ಲಿ ದೋಣಿಯವರು ಎಲಿಫೆಂಟಾ ದ್ವೀಪದ ಗುಹೆಗಳಿಗೆ ಕರೆಯುತ್ತಾರೆ. ಹೋಗಬೇಡಿ. ಒಂದು ಕಡೆಗೇ ಸುಮಾರು ಒಂದು ಗಂಟೆ, ಮೇಲೆ ಹತ್ತಲು ನೂರಕ್ಕೂ ಜಾಸ್ತಿ ಮೆಟ್ಟಿಲು. ಅಮ್ಮನ ಮಂಡಿಗೂ ಆಗುವುದಿಲ್ಲ, ನಿಮ್ಮ ಟೈಮಿಗೂ ಆಗುವುದಿಲ್ಲ. ಅದಕ್ಕೆ ಬೇರೆ ಒಂದು ದಿನ ಇಟ್ಟುಕೊಂಡು ಬನ್ನಿ.

ಅದರ ಬದಲು 10:15ಕ್ಕೆ ಬಾಗಿಲು ತೆಗೆಯುವ ಹೊತ್ತಿಗೆ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ ಹೋಗಿ. ಹಳಬರು ಈಗಲೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಅನ್ನುತ್ತಾರೆ. ಇದರ ವಿನ್ಯಾಸವೂ ವಿಟೆಟ್‌ನದೇ. ಇಡೀ ಮ್ಯೂಸಿಯಂ ನೋಡಲು ಹೋಗಬೇಡಿ, ಮುಗಿಯುವುದಿಲ್ಲ. ನೆಲಮಹಡಿಯ ಶಿಲ್ಪಗಳ ಗ್ಯಾಲರಿಗೆ ಸೀದಾ ಹೋಗಿ ಐಹೊಳೆಯ ಕಲ್ಲುಗಳನ್ನು ಹುಡುಕಿ. ಬಾದಾಮಿ ಚಾಲುಕ್ಯರ ಕಾಲದವು. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಒಳಚಾವಣಿಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವ ಈಗ ಇಲ್ಲಿದ್ದಾರೆ. ನೀವು ಐಹೊಳೆಗೆ ಹೋಗಿದ್ದರೆ ಗೊತ್ತಿರುತ್ತದೆ, ಅಲ್ಲಿನ ಗುಡಿಗಳಲ್ಲಿ ಚಾವಣಿಯ ಶಿಲ್ಪ ನೋಡಬೇಕಾದರೆ ಕತ್ತು ನೋಯುವವರೆಗೆ ಮೇಲೆ ನೋಡಬೇಕು, ಕತ್ತಲೆ ಬೇರೆ. ಇಲ್ಲಿ ಅದೇ ಕೆತ್ತನೆಯನ್ನು ಹತ್ತಿರದಿಂದ, ಒಳ್ಳೆ ಬೆಳಕಿನಲ್ಲಿ ನೋಡಬಹುದು. ಬ್ರಹ್ಮನ ಮುಖಗಳನ್ನು, ಸುತ್ತಲಿನ ಋಷಿಗಳನ್ನು ಮಗಳಿಗೆ ಒಂದೊಂದಾಗಿ ತೋರಿಸಿ. ನಮ್ಮೂರಿನ ಕಲ್ಲು ಇಷ್ಟು ದೂರ ಬಂದು ನಿಂತಿರುವುದನ್ನು ನೋಡಿದಾಗ ಪ್ರತಿ ಸಲವೂ ನನಗೆ ಹೆಮ್ಮೆಯೂ ಆಗುತ್ತದೆ, ಗುಡಿಯಲ್ಲೇ ಇರಬೇಕಿತ್ತು ಅಂತ ಸಂಕಟವೂ ಆಗುತ್ತದೆ. ಒಂದೂವರೆ ಗಂಟೆ ಇಲ್ಲಿಗೆ ಕೊಡಿ. ಅಮ್ಮ ದಣಿದರೆ ಹೊರಗೆ ತೋಟವಿದೆ, ಕೂತುಕೊಳ್ಳಬಹುದು.

ಇನ್ನು ಊಟ. ಇಲ್ಲಿ ದಾರಿ ಎರಡಾಗುತ್ತದೆ.

ನೀವು ಮೀನು ತಿನ್ನುವವರಾದರೆ ಮ್ಯೂಸಿಯಂ ಹತ್ತಿರದ ಫೋರ್ಟ್ ಅನ್ನುವ ಬಡಾವಣೆಯಲ್ಲೇ ಊಟ ಮುಗಿಸಿ. ಮಹೇಶ್ ಲಂಚ್ ಹೋಮ್ ಇದೆ, ಕಾಲಾ ಘೋಡಾದ ಹತ್ತಿರ ತೃಷ್ಣಾ ಇದೆ. ಎರಡರಲ್ಲೂ ಕರಾವಳಿಯ ರುಚಿ ಸಿಗುತ್ತದೆ. ಬಲ್ಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ 1923ರ ಇರಾನಿ ಹೋಟೆಲು, ಬೆರಿ ಪುಲಾವ್‌ಗೆ ಹೆಸರುವಾಸಿ. ಆದರೆ ಅದು ತೆರೆಯುವುದು ಮಧ್ಯಾಹ್ನದ ಊಟದ ಹೊತ್ತಿಗೆ, ನೀವು ಹಡಗು ಇಳಿಯುವ ಹೊತ್ತಿಗೆ ಮುಚ್ಚಿರುತ್ತದೆ. ಊಟ ಆದ ಮೇಲೆ ಮರೀನ್ ಡ್ರೈವ್ ದಾಟಿ ಕೋಸ್ಟಲ್ ರೋಡ್ ಹಿಡಿಯಿರಿ. ಮಲಬಾರ್ ಹಿಲ್ ಕೆಳಗೆ ಸುಮಾರು 2 ಕಿಲೋಮೀಟರಿನ ಸುರಂಗ, ಆಮೇಲೆ ಸಮುದ್ರದ ಪಕ್ಕ, ಕೊನೆಗೆ ಬಾಂದ್ರಾ-ವರ್ಲಿ ಸೀ ಲಿಂಕ್. ಸಿಗ್ನಲ್ ಇಲ್ಲ. ಮಗಳಿಗೆ ಈ ದಾರಿಯೇ ಹಬ್ಬ.

ಸಸ್ಯಾಹಾರಿಗಳಾದರೆ, ಅಥವಾ ಹಡಗಿನ ಬಫೆ ತಿಂದು ತಿಂದು ನಾಲಿಗೆಗೆ ಒಂದು ಸಾರು-ಅನ್ನ ಬೇಕು ಅನಿಸಿದ್ದರೆ, ಮಾಟುಂಗ. ನನ್ನ ಓಟು ಯಾವತ್ತೂ ಇದಕ್ಕೇ. ಮುಂಬೈ ನೋಡಿ ಬಂದ ನಮ್ಮವರು ತಾಜ್, ಮರೀನ್ ಡ್ರೈವ್, ನಟರ ಮನೆ ಅಂತ ಹೇಳುತ್ತಾರೆ. ಕನ್ನಡದವರು ಬೆವರು ಸುರಿಸಿ ಕಟ್ಟಿದ ಮುಂಬೈ ಇರುವುದು ಇಲ್ಲಿ. ಉಡುಪಿ, ಕುಂದಾಪುರ ಕಡೆಯಿಂದ ಹುಡುಗರಾಗಿ ಬಂದು, ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಮೇಲೆ ಬಂದವರ ಊರು ಇದು. ಮೈಸೂರು ಅಸೋಸಿಯೇಷನ್ 1926ರಿಂದ ಇದೆ, ಅದೂ ಮಾಟುಂಗದಲ್ಲೇ. ಊಟಕ್ಕೆ ಬಂದವರು ಇದನ್ನು ತಿಳಿದು ಉಂಡರೆ ನನಗೆ ಸಂತೋಷ.

ಊಟಕ್ಕೆ ನನ್ನ ಮೊದಲ ಆಯ್ಕೆ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರದು, ಮಾಟುಂಗ ಸ್ಟೇಷನ್ನಿನ ಪಕ್ಕದಲ್ಲೇ. ಮೊದಲು ದುಡ್ಡು ಕೊಟ್ಟು ಕೂಪನ್ ತಗೊಳ್ಳಬೇಕು. ನಂಬರ್ ಬರುವವರೆಗೆ ಬೆಂಚಿನ ಮೇಲೆ ಕೂರಬೇಕು. ಬಾಳೆ ಎಲೆ ಊಟವನ್ನೇ ಕೇಳಿ. ಎಲೆ ಮೇಲೆ ಪಲ್ಯ, ಕೂಟು, ಬಿಸಿ ಅನ್ನ, ಸಾರು, ಹುಳಿ ಒಂದರ ಹಿಂದೆ ಒಂದು ಬರುತ್ತದೆ. ಬಡಿಸುವವರ ಹತ್ತಿರ ಕನ್ನಡದಲ್ಲೇ ಮಾತಾಡಿ ನೋಡಿ. 'ಯಾವೂರು?' ಅನ್ನುವ ಪ್ರಶ್ನೆ ಬಂದರೆ ಅಮ್ಮನ ಮುಖ ಅರಳದೇ ಇರುವುದಿಲ್ಲ. ಒಂದು ತೊಂದರೆ: ಊಟದ ಹಾಲ್ ಮೊದಲನೇ ಮಹಡಿಯಲ್ಲಿದೆ, ಮೆಟ್ಟಿಲು ಹತ್ತಲೇಬೇಕು. ಅಮ್ಮನಿಗೆ ಆಗುವುದಿಲ್ಲ ಅಂದರೆ ಕಿಂಗ್ಸ್ ಸರ್ಕಲ್ ಹತ್ತಿರದ ಕೆಫೆ ಮದ್ರಾಸ್‌ಗೆ ಹೋಗಿ. ಹೆಸರು ಮದ್ರಾಸ್ ಆದರೂ ನಡೆಸುವವರು ಕಾಮತರು. ನೀರುದೋಸೆ, ರಾಗಿ ದೋಸೆ, ಸಾರಿನಲ್ಲಿ ಮುಳುಗಿಸಿದ ಇಡ್ಲಿ, ಫಿಲ್ಟರ್ ಕಾಫಿ. ಹೊರಗೆ ಹೆಸರು ಬರೆಸಿ ಕಾಯಬೇಕು, ಭಾನುವಾರವಂತೂ ಕ್ಯೂ ಉದ್ದ. ಮಧ್ಯಾಹ್ನ ಸ್ವಲ್ಪ ಹೊತ್ತು ಮುಚ್ಚುತ್ತಾರೆ, ಅದಕ್ಕೆ 1 ಗಂಟೆಯೊಳಗೆ ಅಲ್ಲಿರಿ. ಸೋಮವಾರ ಎರಡಕ್ಕೂ ರಜೆ. ನೀವು ಬರುವುದು ಸೋಮವಾರವಾದರೆ ಸುತ್ತಮುತ್ತ ಬೇರೆ ಉಡುಪಿ ಹೋಟೆಲುಗಳಿವೆ, ಹೊರಡುವ ಮುಂಚೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಊಟವಾದ ಮೇಲೆ ಮಾರ್ಕೆಟ್ಟಿನ ಬೀದಿಯಲ್ಲಿ ಒಂದು ಸುತ್ತು ಹಾಕಿ. ಹೂವಿನ ಅಂಗಡಿಗಳ ಸಾಲು, ಬಾಳೆ ಎಲೆ, ಬಿಸಿಬಿಸಿ ಚಿಪ್ಸ್, ಎದುರಿಗೇ ಬೀಜ ಪುಡಿ ಮಾಡಿಕೊಡುವ ಕಾಫಿ ಅಂಗಡಿ. ಆಮೇಲೆ ಕಾರಿನಲ್ಲಿ ಫೈವ್ ಗಾರ್ಡನ್ಸ್‌ಗೆ ಹೋಗಿ. ದಾದರ್ ಪಾರ್ಸಿ ಕಾಲೊನಿಯ ಈ ಐದು ಪಾರ್ಕುಗಳ ಸುತ್ತ ದೊಡ್ಡ ದೊಡ್ಡ ಮರಗಳು, ನೆರಳು ಚೆನ್ನಾಗಿದೆ. ಮಗಳು ಆಡಲಿ, ಅಮ್ಮ ಬೆಂಚಿನ ಮೇಲೆ ಕೂರಲಿ.

ಸಿದ್ಧಿವಿನಾಯಕನ ದರ್ಶನ ಬೇಕೇಬೇಕು ಅಂತ ಅಮ್ಮ ಅಂದರೆ ಅದು ಪ್ರಭಾದೇವಿಯಲ್ಲಿದೆ, ಉತ್ತರಕ್ಕೆ ಹೋಗುವ ದಾರಿಯಲ್ಲೇ. ಊಟಕ್ಕೆ ಮುಂಚೆ ಮುಗಿಸಿಕೊಳ್ಳಿ, ಮ್ಯೂಸಿಯಂ ಟೈಮ್ ಸ್ವಲ್ಪ ಕಡಿಮೆ ಮಾಡಿ. ಮಂಗಳವಾರ ಮಾತ್ರ ಬೇಡ, ಆ ದಿನದ ಕ್ಯೂ ನೋಡಿದರೆ ವಿಮಾನದ ಚಿಂತೆ ಶುರುವಾಗುತ್ತದೆ.

4 ಗಂಟೆಗೆ ಫೈವ್ ಗಾರ್ಡನ್ಸ್‌ನಿಂದ ಹೊರಡಿ. ವಿಮಾನ 9ಕ್ಕೆ ತಾನೇ, ಇಷ್ಟು ಬೇಗ ಯಾಕೆ ಅನಿಸಬಹುದು. 5 ದಾಟಿದರೆ ಇದೇ ರಸ್ತೆ ಬೇರೆಯೇ ಆಗುತ್ತದೆ. ಬೇಗ ಹೋಗಿ ವಿಲೆ ಪಾರ್ಲೆ, ಅಂಧೇರಿ ಕಡೆ ಗಂಟೆ ಲೆಕ್ಕದಲ್ಲಿ ಸಿಗುವ ರೂಮು ಹಿಡಿಯಿರಿ. ಸ್ನಾನ ಮಾಡಿ, ಬಟ್ಟೆ ಬದಲಿಸಿ, ಅಮ್ಮ ಒಂದು ಗಂಟೆ ಕಾಲು ಚಾಚಿ ಮಲಗಲಿ. ಬೆಳಗ್ಗೆಯಿಂದ ಬೆವೆತ ಮೈಯಲ್ಲಿ ವಿಮಾನ ಹತ್ತುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ. ದುಡ್ಡು ದಂಡ ಅನಿಸಿದರೂ ವಯಸ್ಸಾದವರಿದ್ದಾಗ ನಾನು ಇದನ್ನು ಬಿಡುವುದಿಲ್ಲ. 6:30ಕ್ಕೆ ಅಲ್ಲಿಂದ ಹೊರಟರೆ ನೆಮ್ಮದಿಯಾಗಿ ಒಳಗೆ ಹೋಗಬಹುದು.

ವಿಮಾನ ನವಿ ಮುಂಬೈಯಿಂದಾದರೂ ಇದೇ ಪ್ಲ್ಯಾನ್ ನಡೆಯುತ್ತದೆ. ಮಾಟುಂಗದಿಂದ ಶಿವಡಿ ಹತ್ತಿರ, ಅಲ್ಲಿಂದ ಅಟಲ್ ಸೇತು. ಸುಮಾರು 22 ಕಿಲೋಮೀಟರಿನ ಸೇತುವೆ, ಹೆಚ್ಚಿನ ಭಾಗ ಸಮುದ್ರದ ಮೇಲೆ. ರೂಮು ಮಾಡುವುದಿದ್ದರೆ ಸೇತುವೆ ದಾಟಿದ ಮೇಲೆ ಮಾಡಿ.

ಒಬ್ಬರೋ ಇಬ್ಬರೋ ಬಂದು, ಬೆನ್ನಿಗೊಂದು ಬ್ಯಾಗ್ ಅಷ್ಟೇ ಇದ್ದವರಿಗೆ ಕಾರು ಬೇಕಿಲ್ಲ. ಸಿಎಸ್‌ಎಂಟಿಯಿಂದ ಸ್ಲೋ ಲೋಕಲ್ ಹಿಡಿದರೆ ಮಾಟುಂಗಕ್ಕೆ ಅರ್ಧ ಗಂಟೆಯೊಳಗೆ ಬರಬಹುದು. ಮಧ್ಯಾಹ್ನ ಆ ಕಡೆ ಹೋಗುವ ಗಾಡಿಗಳಲ್ಲಿ ಜಾಗ ಇರುತ್ತದೆ. ಅಲ್ಲಿಂದ ಟ್ಯಾಕ್ಸಿಯಲ್ಲಿ ದಾದರ್ ಮೆಟ್ರೋ ಸ್ಟೇಷನ್ನಿಗೆ ಬಂದು ಅಕ್ವಾ ಲೈನ್ ಹತ್ತಿ. 2025ರ ಅಕ್ಟೋಬರ್‌ನಿಂದ ಈ ಲೈನ್ ಕಫ್ ಪರೇಡ್‌ವರೆಗೆ ಪೂರ್ತಿ ಓಡುತ್ತಿದೆ. ಟರ್ಮಿನಲ್ 1ಕ್ಕೆ ಒಂದು ಸ್ಟೇಷನ್, 2ಕ್ಕೆ ಇನ್ನೊಂದು.

ಕೊನೆಯದಾಗಿ, ಹಡಗಿನ ಕೊನೇ ರಾತ್ರಿಯ ವಿಷಯ. ದೊಡ್ಡ ಬ್ಯಾಗುಗಳಿಗೆ ಟ್ಯಾಗ್ ಕಟ್ಟಿ ರೂಮಿನ ಹೊರಗೆ ಇಡಲು ಹೇಳುತ್ತಾರೆ, ಅವು ಮತ್ತೆ ಕೈಗೆ ಸಿಗುವುದು ಬೆಳಗ್ಗೆ ಟರ್ಮಿನಲ್‌ನಲ್ಲಿ. ಅಮ್ಮನ ಮಾತ್ರೆ, ಎಲ್ಲರ ಆಧಾರ್ ಕಾರ್ಡು, ಫೋನ್ ಚಾರ್ಜರು, ಮಗಳಿಗೆ ಒಂದು ಜೊತೆ ಬಟ್ಟೆ, ಇಷ್ಟನ್ನು ಬೇರೆ ಕೈಚೀಲದಲ್ಲಿ ಹಾಕಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಕಾರಿನ ಡ್ರೈವರ್ ನಂಬರನ್ನೂ ಹಿಂದಿನ ರಾತ್ರಿಯೇ ತರಿಸಿಕೊಳ್ಳಿ. ಬಂದರಿನ ಯಾವ ಗೇಟಿನ ಹೊರಗೆ ನಿಲ್ಲಬೇಕು ಅಂತ ಹಡಗಿನವರನ್ನು ಕೇಳಿ ಅವರಿಗೆ ಮೊದಲೇ ತಿಳಿಸಿಬಿಡಿ.