ಹತ್ತನೇ ಪ್ರದರ್ಶನಕ್ಕೆ ಕಾಯುವವರಿಗೆ

ಪ್ರಶ್ನೆ: ಮೆಚ್ಚಿನ ಕಾದಂಬರಿಯೊಂದು ನಾಟಕವಾಗಿದೆ ಅಂತ ಮೊದಲ ಪ್ರದರ್ಶನಕ್ಕೇ ಓಡಿದೆ. ಅರ್ಧ ಕತೆಯೇ ಇಲ್ಲ, ಬೆಳಕೂ ಎರಡು ಕಡೆ ಕೈಕೊಟ್ಟಿತು. ಹತ್ತು ಪ್ರದರ್ಶನ ಆದಮೇಲೆ ಹೋಗುವುದೇ ಜಾಣತನ ಅಲ್ವಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೆಚ್ಚಿನ ಪಾತ್ರವೇ ಮಾಯವಾದರೆ ಹೊಟ್ಟೆ ಉರಿಯುತ್ತದೆ, ಒಪ್ಪಿದೆ. ಆದರೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಟಿಕ್ ಹಾಕುತ್ತಾ ಕೂತರೆ ನಾಟಕ ಕಾಣುವುದು ಹೇಗೆ ಸ್ವಾಮಿ?

ನಿಮ್ಮ ಜಿಲ್ಲೆಯ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಬಂದದ್ದು 1967ರಲ್ಲಿ. ಕೆ.ವೈ. ನಾರಾಯಣಸ್ವಾಮಿ ಅದಕ್ಕೆ ರಂಗರೂಪ ಕೊಟ್ಟರು. ಸಿ. ಬಸವಲಿಂಗಯ್ಯ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಆಡಿಸಿದರು. ಸುಮಾರು ಒಂಬತ್ತು ಗಂಟೆ, ಇಡೀ ರಾತ್ರಿ! ಜನ ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆದರು. ಆದರೂ ಕಾದಂಬರಿ ಪೂರ್ತಿ ಹಿಡಿಯಲಿಲ್ಲ. ಹಿಡಿಯಬೇಕಾಗಿಯೂ ಇರಲಿಲ್ಲ. ಪುಟಗಟ್ಟಲೆ ಕಾಡನ್ನು ನಟ ಬಾಯಿಪಾಠ ಒಪ್ಪಿಸಬೇಕೇ? ಜೋಗಿಗಳು ಬಂದರು, ಹಾಡಿದರು, ಕತೆ ಮುಂದೆ ಹೋಯಿತು. ಬಿಡುವುದೂ ಒಂದು ಬರವಣಿಗೆಯೇ. ಅದಕ್ಕೆ ಧೈರ್ಯ ಜಾಸ್ತಿ ಬೇಕು.

ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನೇ ನೋಡಿ. ಪುಟ್ಟ ಪುಸ್ತಕ. ನಂಜನಗೂಡು ಸೀಮೆಯ ಆ ಮಾತು ಅರ್ಥವಾಗಲ್ಲ ಅಂತ ಅರ್ಧಕ್ಕೇ ಮುಚ್ಚಿಟ್ಟವರನ್ನು ನಾನೇ ಬಲ್ಲೆ. ರಂಗದ ಮೇಲೆ ಜೋತಮ್ಮಗಳು, ಅಂದರೆ ಮಾತಾಡುವ ದೀಪಗಳು, ಹರಟೆಗೆ ಕೂತರೆ ಅದೇ ಮಾತು ಕಿವಿಗೆ ಸಲೀಸು. ಕಣ್ಣಿಗೆ ದಕ್ಕದ್ದು ಕಿವಿಗೆ ದಕ್ಕಿತು. ಈ ಉಪಕಾರವನ್ನು ನಾವು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಇನ್ನು ಹತ್ತನೇ ಪ್ರದರ್ಶನ. ನಮ್ಮ ಹವ್ಯಾಸಿ ತಂಡಗಳ ಎಷ್ಟು ನಾಟಕ ಹತ್ತು ಕಾಣುತ್ತವೆ? ಎಲ್ಲರೂ ‘ಆಮೇಲೆ ನೋಡೋಣ’ ಅಂದರೆ ಎರಡನೆಯದೂ ಇಲ್ಲ. ರಂಗಮಂದಿರದ ಬಾಡಿಗೆ, ಬೆಳಕಿನ ಬಾಡಿಗೆ, ಸೆಟ್ ತಂದ ಲಾರಿ, ಎಲ್ಲದಕ್ಕೂ ಮೊದಲ ದಿನದ ಟಿಕೆಟ್ಟೇ ಗತಿ. ನಾವೋ, ‘ಸರ್, ಎರಡು ಪಾಸ್ ಹೊಂದಿಸಿ’ ಎನ್ನುವ ಜನ.

ಮುಂದಿನ ಸಾಲು ಗಣ್ಯರದು. ದೀಪ ಹಚ್ಚಿ, ಭಾಷಣ ಕೊರೆದು, ಶಾಲು ಹೊದ್ದು ಮೊದಲ ದೃಶ್ಯಕ್ಕೇ ಜಾಗ ಖಾಲಿ. ಅಷ್ಟೂ ಹೊತ್ತು ಬಣ್ಣ ಹಚ್ಚಿಕೊಂಡ ನಟರು ಸೈಡ್‌ವಿಂಗಿನಲ್ಲಿ ಬೆವರುತ್ತಿರುತ್ತಾರೆ. ಆಮೇಲೆ ಬೆಳಕು ತಪ್ಪಿತು ಅಂತ ನಮ್ಮ ದೂರು! 2004ರಲ್ಲಿ ಶುರುವಾದ ಬೆಂಗಳೂರಿನ ರಂಗಶಂಕರದಲ್ಲಿ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುತ್ತಾರೆ. ತಡವಾಗಿ ಬಂದವರು ಹೊರಗೇ. ಬೈದುಕೊಂಡಾದರೂ ಜನ ಕಲಿತರು. ಉಳಿದ ಊರುಗಳಿಗೆ ಏನು ಅಡ್ಡಿಯೋ!

ಅಂದ ಹಾಗೆ, ನೀವು ಟಿಕೆಟ್ ಕೊಂಡೇ ಹೋಗಿದ್ದಿರಿ ತಾನೆ? ಪತ್ರದಲ್ಲಿ ಬರೆದಿಲ್ಲ.